ಬೆಲ್ಟಿನ ಕೆಲಸ ಕರೆಂಟಿಗೆ ಒಪ್ಪಿಸುವ ಮುನ್ನ

ಬಾನೆಟ್ ಮುಚ್ಚಬೇಡ ಮಗಾ. ತೆರೆದೇ ಇರಲಿ, ಹಬೆ ಇಳಿಯಲಿ. ರೇಡಿಯೇಟರ್ ಮುಚ್ಚಳದ ಹತ್ತಿರ ಈಗಲೇ ಕೈ ಒಯ್ಯಬೇಡ. ಎರಡು ಟೀ ಕುಡಿಯುವಷ್ಟು ಹೊತ್ತು ಅದನ್ನು ಅದರ ಪಾಡಿಗೆ ಬಿಡು. ತಿತಿಮತಿಯಿಂದ ಗೋಣಿಕೊಪ್ಪಲಿಗೆ ಬರುವಷ್ಟರಲ್ಲಿ ಮುಳ್ಳು ಕೆಂಪಿಗೆ ಹೋಯಿತು ಅಂದೆ. ಹಿಂದಿನ ಸೀಟಿನ ಚೀಲದಲ್ಲಿ ಹಳೇ ಕಾರಿನ ಎರಡು ಕರೆಂಟ್ ಫ್ಯಾನು, ಒಂದು ಸುರುಳಿ ಕೆಂಪು ವೈರು, ಒಂದು ಸ್ವಿಚ್ಚು ತಂದಿದ್ದೀಯ. ಸಂಜೆಯೊಳಗೆ ಕೂರಿಸಿಕೊಡಿ ಅನ್ನುತ್ತೀಯ. ಕೂರಿಸೋಣ. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ, ಕೈ ಮಾತ್ರ ನಿನ್ನದೇ ಆಗಬೇಕು. ಅದಕ್ಕೂ ಮೊದಲು ನಾಲ್ಕು ಮಾತು ಕೇಳಿಸಿಕೋ. ಎಂಜಿನ್ ತಣಿಯುವ ತನಕ ನಮಗಿಬ್ಬರಿಗೂ ಬೇರೆ ಕೆಲಸವಿಲ್ಲ.

ಈ ಜೀಪನ್ನು ನಿನಗಿಂತ ಮೊದಲಿನಿಂದ ಬಲ್ಲೆ ನಾನು. ಎಂಎಂ 540, ಪ್ಯೂಜೊ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ನಿನ್ನ ತಾತ ಇದರಲ್ಲಿ ರೋಬಸ್ಟಾ ಮೂಟೆ ಹೊತ್ತರು, ತೋಟದ ಕೆಲಸಗಾರರ ಲೈನು ಮನೆಯ ಬಸುರಿಯರನ್ನು ನಡುರಾತ್ರಿ ಅಮ್ಮತ್ತಿ ಆಸ್ಪತ್ರೆಗೆ ಒಯ್ದರು, ಮದುವೆಗೆ ಹಂದಿ ಮಾಂಸ ತಂದರು, ಸತ್ತವರನ್ನು ಊರಿಗೆ ಸಾಗಿಸಿದರು. ಬೇರೆ ಕಡೆ ಜೀಪು ಶೋಕಿಯ ವಸ್ತುವಾಗಿರಬಹುದು. ನಮ್ಮ ದಕ್ಷಿಣ ಕೊಡಗಿನ ತೋಟಗಳಲ್ಲಿ ಅದು ಮನೆಯ ಒಬ್ಬ ಆಳು. ಜೂನ್‌ನಲ್ಲಿ ಮಳೆ ಹಿಡಿದರೆ ಬಿರುನಾಣಿ ಕಡೆಯ ಎಷ್ಟೋ ಮನೆಗಳ ದಾರಿಯಲ್ಲಿ ಕಾರು ಹೋಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದಾಗ, ಮರುವರ್ಷ ವಿರಾಜಪೇಟೆ ಹತ್ತಿರ ತೋರದಲ್ಲಿ ಮಣ್ಣು ಜಾರಿದಾಗ, ಜನರನ್ನೂ ಅಕ್ಕಿಯನ್ನೂ ಸಾಗಿಸಲು ಇಂಥವೇ ಜೀಪುಗಳು ಓಡಾಡಿದವು. ಹಾಗಾಗಿ ಇದರ ಮೈಯಲ್ಲಿ ಏನನ್ನು ಬದಲಿಸಿದರೂ ನಾನು ಮೊದಲು ಕೇಳುವುದು ಒಂದೇ: ಮಳೆಯ ರಾತ್ರಿ ಇದು ಮನೆಗೆ ಬರುತ್ತದಾ?

ಈಗ ಫ್ಯಾನಿನ ವಿಷಯ. ನಿನ್ನ ಎಂಜಿನ್ ಮುಂದಿರುವ ಕಬ್ಬಿಣದ ರೆಕ್ಕೆ ವಾಟರ್ ಪಂಪಿನ ಪುಲ್ಲಿಗೆ ಬಿಗಿದಿದೆ, ಬೆಲ್ಟು ತಿರುಗಿದರೆ ಅದೂ ತಿರುಗುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಫ್ಯೂಸ್ ಬೇಡ. ಈ ಎಂಜಿನ್ನಿನ ಡೀಸೆಲ್ ಪಂಪೂ ಹಾಗೆಯೇ, ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ. ಒಮ್ಮೆ ಸ್ಟಾರ್ಟ್ ಆದಮೇಲೆ ಆಲ್ಟರ್ನೇಟರ್ ಸತ್ತರೂ, ಬ್ಯಾಟರಿ ಪೂರ್ತಿ ಇಳಿದರೂ, ಹಗಲಾಗಿದ್ದರೆ ಕುಟ್ಟದಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬರಬಹುದು. ನಿನ್ನ ತಾತ ಒಮ್ಮೆ ಹಾಗೆ ಬಂದಿದ್ದೂ ಉಂಟು. ಕರೆಂಟ್ ಫ್ಯಾನು ಕೂರಿಸಿದ ದಿನದಿಂದ ಆ ಸೌಕರ್ಯ ಹೋಯಿತು. ಅಂದಿನಿಂದ ಕರೆಂಟ್ ಇಲ್ಲ ಅಂದರೆ ಗಾಳಿ ಇಲ್ಲ, ಗಾಳಿ ಇಲ್ಲ ಅಂದರೆ ಒಂದೇ ಏರಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಬೆಲ್ಟು ಸವೆದರೆ ಕಣ್ಣಿಗೆ ಕಾಣುತ್ತದೆ, ಸಡಿಲವಾದರೆ ಕಿರ್ ಅನ್ನುತ್ತದೆ. ವೈರಿನೊಳಗೆ ಹಸಿರು ತುಕ್ಕು ಹಿಡಿದರೆ ಒಂದು ಸದ್ದೂ ಬರುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನನಗೆ ಮೂವತ್ತು ದಾಟಿದ ಹೊಸತು, ಕೈ ಬೇಗ ಓಡುತ್ತಿತ್ತು. ಒಬ್ಬರು ಜೀಪು ತಂದು ನೀನು ಹೇಳಿದ ಹಾಗೆಯೇ ಸಂಜೆಯೊಳಗೆ ಬೇಕು ಅಂದರು. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ತೆಳು ವೈರು ಎಳೆದೆ, ಅಲ್ಲೊಂದು ಸ್ವಿಚ್ಚು, ಅಲ್ಲಿಂದ ಫ್ಯಾನಿಗೆ. ರಿಲೇ ಹಾಕಲಿಲ್ಲ. ಎರಡು ಕಡೆ ವೈರನ್ನು ಕೈಯಲ್ಲಿ ತಿರುಚಿ ಟೇಪು ಸುತ್ತಿದೆ. ಫ್ಯಾನು ಗಿರ್ ಅಂತ ತಿರುಗಿತು, ಅವರು ದುಡ್ಡು ಕೊಟ್ಟು ಹೋದರು. ಎರಡು ತಿಂಗಳ ಮೇಲೆ ಮೈಸೂರಿನ ಆಸ್ಪತ್ರೆಯಿಂದ ವಯಸ್ಸಾದ ತಾಯಿಯನ್ನು ಕರೆದುಕೊಂಡು ರಾತ್ರಿ ಹೊತ್ತು ಬರುತ್ತಿದ್ದಾಗ, ಆನೆಚೌಕೂರು ದಾಟಿ ಮತ್ತಿಗೋಡು ಸೇರುವ ಮುನ್ನ ಸ್ವಿಚ್ಚು ಕರಗಿ ಹೋಯಿತು. ಎರಡೂ ಕಡೆ ಕಾಡು, ಆನೆ ದಾಟುವ ಜಾಗ. ಇಳಿದು ಬಾನೆಟ್ ಎತ್ತುವ ಹಾಗೂ ಇಲ್ಲ. ಆ ತಾಯಿಗೆ ಕಂಬಳಿ ಹೊದಿಸಿ, ದೀಪ ಆರಿಸಿ, ಬೆಳಗಿನ ಬಸ್ಸು ಬರುವ ತನಕ ಒಳಗೇ ಕೂತಿದ್ದರು. ಮಾರನೇ ದಿನ ಅವರು ಅಂಗಡಿಗೆ ಬಂದು ನನಗೆ ಒಂದು ಮಾತೂ ಬೈಯಲಿಲ್ಲ. ಕರಗಿದ ಸ್ವಿಚ್ಚನ್ನು ಮೇಜಿನ ಮೇಲೆ ಇಟ್ಟು ಹೋದರು. ಈಗಲೂ ಅದು ಆ ಡ್ರಾಯರಿನಲ್ಲಿದೆ. ಬೇಕಾದರೆ ತೆಗೆದು ನೋಡು.

ಹಾಗಂತ ಕರೆಂಟ್ ಫ್ಯಾನು ಬೇಡವೇ ಬೇಡ ಅನ್ನುವ ಹಟ ನನಗಿಲ್ಲ. ಅದಕ್ಕೆ ಅದರದೇ ಗುಣವಿದೆ. ಬೆಲ್ಟ್ ಫ್ಯಾನಿನ ವೇಗ ಎಂಜಿನ್ನಿನ ವೇಗಕ್ಕೆ ಕಟ್ಟುಬಿದ್ದದ್ದು. ದಸರಾ ದಿನ ನಮ್ಮೂರಿನ ಮಂಟಪಗಳ ಮೆರವಣಿಗೆಯ ಹಿಂದೆ ಜನಜಂಗುಳಿಯಲ್ಲಿ ಆಮೆಯ ಹಾಗೆ ತೆವಳುವಾಗ ಗಾಳಿ ಬೇಕು, ಆಗ ಅದು ನಿಧಾನ. ಹುಣಸೂರು ರಸ್ತೆಯಲ್ಲಿ ಓಡುವಾಗ ಎದುರುಗಾಳಿಯೇ ಸಾಕು, ಆಗ ಅದು ಸುಮ್ಮನೆ ಜೋರಾಗಿ ತಿರುಗಿ ಎಂಜಿನ್ನಿನ ಬಲ ತಿನ್ನುತ್ತದೆ. ಫ್ಯಾನಿನ ವೇಗ ಎರಡರಷ್ಟಾದರೆ ಅದು ಕೇಳುವ ಬಲ ಎಂಟರಷ್ಟು. ಈ ತೊಂದರೆ ಹಳೆಯದು. 1960ರ ದಶಕದಲ್ಲೇ ಪ್ಯೂಜೊದವರು ತಮ್ಮ 404 ಕಾರಿನಲ್ಲಿ ನೀರು ಬಿಸಿಯಾದಾಗ ಮಾತ್ರ ಹಿಡಿದುಕೊಳ್ಳುವ ಅಯಸ್ಕಾಂತದ ಕ್ಲಚ್ಚನ್ನು ಫ್ಯಾನಿಗೆ ಇಟ್ಟಿದ್ದರು. ಇನ್ನೊಂದು, ನಮ್ಮ ಕಡೆಗೆ ದೊಡ್ಡದು, ನೀರಿಗಿಳಿಯುವ ವಿಷಯ. ಲಕ್ಷ್ಮಣತೀರ್ಥ ತುಂಬಿ ಕಾನೂರು, ಬಾಳೆಲೆ ಕಡೆ ಗದ್ದೆ ರಸ್ತೆ ಒಂದಾದಾಗ ಜೀಪು ನೀರಿಗಿಳಿದರೆ ತಿರುಗುತ್ತಿರುವ ರೆಕ್ಕೆ ನೀರನ್ನು ಎಂಜಿನ್ನಿನ ತುಂಬ ಎರಚುತ್ತದೆ. ಇನ್ನೂ ಆಳವಾದರೆ ನೀರಿನ ಒತ್ತಡಕ್ಕೆ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯುತ್ತದೆ. ಕರೆಂಟ್ ಫ್ಯಾನನ್ನು ನೀರಿಗಿಳಿಯುವ ಮೊದಲು ನಿಲ್ಲಿಸಬಹುದು. ನೀನು ಕೆಸರಿನ ಸ್ಪರ್ಧೆಗೆ ಹೋಗಬೇಕು ಅಂದೆಯಲ್ಲ, ಅದಕ್ಕಾದರೆ ನಿನ್ನ ಆಸೆ ನ್ಯಾಯವಾದದ್ದೇ.

ಆದರೆ ಇವತ್ತು ಇದು ಕಾದದ್ದು ಬೆಲ್ಟ್ ಫ್ಯಾನಿನ ತಪ್ಪಿಗಲ್ಲ. ಇದೇ ಫ್ಯಾನು ಎಷ್ಟೋ ಕಾಫಿ ಸೀಸನ್ನುಗಳಲ್ಲಿ ಟ್ರೇಲರ್ ಎಳೆಯುತ್ತಲೇ ಈ ಎಂಜಿನ್ನನ್ನು ತಣ್ಣಗಿಟ್ಟಿದೆ. ಇಷ್ಟು ವರ್ಷ ಸಾಕಾದದ್ದು ಈಗ ಯಾಕೆ ಸಾಲದು? ಕಾರಣ ಹುಡುಕದೆ ಹೊಸ ಫ್ಯಾನು ಹಾಕಿದರೆ ಜ್ವರದವನಿಗೆ ಬೀಸಣಿಗೆಯಲ್ಲಿ ಬೀಸಿದ ಹಾಗಾಗುತ್ತದೆ. ಮೊದಲು ಆ ಮುಚ್ಚಳ ನೋಡು. ನಮ್ಮೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒತ್ತಡ ಹಿಡಿದಷ್ಟೂ ಕುದಿಯುವ ಮಟ್ಟ ಮೇಲಕ್ಕೆ ಹೋಗುತ್ತದೆ, ಒಂದು ಪೌಂಡ್ ಒತ್ತಡಕ್ಕೆ ಒಂದೂವರೆ ಡಿಗ್ರಿಯಷ್ಟು. ಒಳಗಿನ ರಬ್ಬರು ಬಿರಿದ ಒಂದು ಮುಚ್ಚಳ ಸಾಕು, ಒಳ್ಳೆಯ ಎಂಜಿನ್ನನ್ನು ಕುದಿಸಲು. ಆಮೇಲೆ ರೇಡಿಯೇಟರಿನ ಮುಖ ನೋಡು. ಒಣಗಿದ ಕೆಸರು, ಹುಲ್ಲಿನ ಬೀಜ, ಸತ್ತ ಹುಳ. ಗಾಳಿ ಹೋಗಲು ಜಾಗವೇ ಇಲ್ಲ. ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ಸಣ್ಣ ಧಾರೆಯಲ್ಲಿ ತೊಳೆ. ವಾಟರ್ ಸರ್ವಿಸಿನ ಜೋರು ಪೈಪು ಹಿಡಿದರೆ ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ. ಒಳಗೂ ನೋಡಬೇಕು. ತೋಡಿನ ನೀರು ಸುರಿದು ಸುರಿದು ಕೊಳವೆಗಳಲ್ಲಿ ಕಿಟ್ಟ ಕಟ್ಟಿರುತ್ತದೆ. ಹಿತ್ತಾಳೆ ತಾಮ್ರದ ಹಳೇ ರೇಡಿಯೇಟರ್ ಇದು, ಟ್ಯಾಂಕು ಬಿಚ್ಚಿ, ಕೊಳವೆಗೆ ಸರಳು ಹಾಕಿ, ಮತ್ತೆ ಬೆಸುಗೆ ಮಾಡಿಸಬಹುದು. ಎಸೆಯುವಂಥದ್ದಲ್ಲ.

ಥರ್ಮೋಸ್ಟಾಟ್ ವಾಲ್ವು ಇದೆಯಾ ಕೇಳಿದರೆ ಹತ್ತರಲ್ಲಿ ಆರು ಜೀಪಿನವರು ತೆಗೆದು ಎಸೆದೆವು ಅನ್ನುತ್ತಾರೆ. ಅದನ್ನು ತೆಗೆದರೆ ತಂಪಾಗುತ್ತದೆ ಅನ್ನುವುದು ನಮ್ಮ ವರ್ಕ್‌ಶಾಪುಗಳ ಹಳೇ ನಂಬಿಕೆ. ಡಿಸೆಂಬರ್ ಬೆಳಿಗ್ಗೆಯ ಚಳಿಯಲ್ಲಿ ಡೀಸೆಲ್ ಎಂಜಿನ್ ಕಾಯದೆ ಹೊಗೆಯುಗುಳಿ ಸವೆಯುತ್ತದೆ, ಮಧ್ಯಾಹ್ನದ ಏರಿನಲ್ಲಿ ಕಾಯುವುದು ಕಾದೇ ಕಾಯುತ್ತದೆ. ಹೊಸದು ಹಾಕು. ಬ್ರೇಕು ಹಿಡಿದುಕೊಂಡಿದೆಯಾ ಚಕ್ರ ತಿರುಗಿಸಿ ನೋಡು. ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಗುಳ್ಳೆ ನಿಲ್ಲದೆ ಬಂದರೆ ಗ್ಯಾಸ್ಕೆಟ್ಟೇ ಹೋಗಿದೆ, ಅದಕ್ಕೆ ಯಾವ ಫ್ಯಾನೂ ಮದ್ದಲ್ಲ. ಇಷ್ಟೆಲ್ಲ ಸರಿಮಾಡಿ ಹಳೇ ಫ್ಯಾನಿನಲ್ಲೇ ಒಂದು ವಾರ ಓಡಿಸು. ಆಗಲೂ ಬೇಕು ಅನಿಸಿದರೆ ಚೀಲ ಬಿಚ್ಚೋಣ.

ಚೀಲದಲ್ಲಿ ಇರುವುದನ್ನು ನೋಡಿದೆ. ಸಣ್ಣ ಕಾರಿನ ಫ್ಯಾನುಗಳು. 796 ಸಿಸಿಯ ಮಾರುತಿ 800ರಂಥ ಕಾರಿಗೆ ಒಂದು ಸಾಕು. ನಿನ್ನದು ಅದರ ಎರಡೂವರೆಯಷ್ಟು ದೊಡ್ಡ ಎಂಜಿನ್, ಮೇಲೆ ಟ್ರೇಲರಿನಲ್ಲಿ 50 ಕೆ.ಜಿ.ಯ ಮೂಟೆಗಳು, ಲೋ ಗೇರಿನಲ್ಲಿ ಏರು. ಎರಡು ಬೇಕೇ ಬೇಕು, ಅದೂ ಮೋಟಾರು ಒಳ್ಳೆಯದಿದ್ದರೆ. ಬರೀ ಫ್ಯಾನನ್ನು ರೇಡಿಯೇಟರಿಗೆ ಅಂಟಿಸಿದರೆ ರೆಕ್ಕೆಯ ಸುತ್ತಳತೆಯಷ್ಟೇ ಜಾಗಕ್ಕೆ ಗಾಳಿ ಹೋಗುತ್ತದೆ, ಮೂಲೆಗಳು ಕುದಿಯುತ್ತವೆ. ತಗಡಿನಲ್ಲಿ ಒಂದು ಗೂಡು ಮಾಡಿಸಿ ಇಡೀ ಮುಖವನ್ನು ಮುಚ್ಚು, ಅಂಚಿಗೆ ರಬ್ಬರು ಪಟ್ಟಿ ಕೊಡು. ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಬಿಗಿಯುವವರಿದ್ದಾರೆ. ನಮ್ಮ ತೋಟದ ದಾರಿಯ ಅಲುಗಾಟಕ್ಕೆ ಆ ಟೈ ಗರಗಸದ ಹಾಗೆ ಕೊಳವೆಯನ್ನು ಕೊಯ್ಯುತ್ತದೆ. ಗೂಡನ್ನು ರೇಡಿಯೇಟರಿನ ಚೌಕಟ್ಟಿಗೆ ಕಾಲು ಕೊಟ್ಟು ಬೋಲ್ಟ್ ಹಾಕು. ಫ್ಯಾನು ಎಂಜಿನ್ನಿನ ಕಡೆ ಇದ್ದು ಗಾಳಿಯನ್ನು ಒಳಕ್ಕೆ ಎಳೆಯಬೇಕು. ಮುಂದಿನಿಂದ ಒಂದು ಕಾಗದ ಹಿಡಿ, ಅದು ಜಾಲರಿಗೆ ಅಂಟಿಕೊಳ್ಳಬೇಕು. ಉಲ್ಟಾ ತಿರುಗಿದರೆ ಎರಡು ವೈರು ಅದಲು ಬದಲು ಮಾಡಿದರಾಯಿತು. ಆದರೆ ತಳ್ಳುವುದಕ್ಕೆಂದೇ ಮಾಡಿದ ರೆಕ್ಕೆಯನ್ನು ಹಾಗೆ ತಿರುಗಿಸಿ ಎಳೆಸಲು ಹೋದರೆ ಗಾಳಿ ಅರ್ಧಕ್ಕೆ ಬೀಳುತ್ತದೆ, ರೆಕ್ಕೆಯ ಬಾಗು ನೋಡಿ ತಿಳಿದುಕೋ. ಹಳೇ ಫ್ಯಾನು ಬಿಚ್ಚಿದಾಗ ಪುಲ್ಲಿಗೆ ಅದೇ ಉದ್ದದ ಬೋಲ್ಟ್ ವಾಪಸ್ ಹಾಕಬೇಡ. ರೆಕ್ಕೆಯ ದಪ್ಪ ಕಡಿಮೆಯಾಯಿತಲ್ಲ, ಬೋಲ್ಟು ತಳಕ್ಕೆ ಮುಟ್ಟಿ ನಿಂತು ಪುಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಗಿಡ್ಡ ಬೋಲ್ಟು ಹಾಕು. ಹಳೇ ರೆಕ್ಕೆಯನ್ನೂ ಆ ಉದ್ದ ಬೋಲ್ಟುಗಳನ್ನೂ ಗುಜರಿಗೆ ಕೊಡಬೇಡ, ಸೀಟಿನ ಕೆಳಗೆ ಕಟ್ಟಿಡು.

ಈಗ ವೈರು. ಇಲ್ಲಿ ಅವಸರ ಮಾಡಬೇಡ ಮಾರಾಯ.

ನೀನು ತಂದ ವೈರು ಒಂದು ಚದರ ಮಿಲಿಮೀಟರಿನದು. ಲೆಕ್ಕ ಹಾಕೋಣ, ನೀನು ಓದಿದವನು. ಒಂದು ಫ್ಯಾನು 120 ವಾಟ್ ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್, ಎರಡಕ್ಕೆ 20. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಹೋಗಿ ಮತ್ತೆ ಮುಂದಕ್ಕೆ ಬರುವ ದಾರಿ ಆರು ಮೀಟರ್. ಈ ವೈರಿನಲ್ಲಿ ಅಷ್ಟು ದೂರಕ್ಕೆ ಎರಡು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 20 ಆಂಪಿಯರಿಗೆ ಎರಡು ವೋಲ್ಟ್ ಅಂದರೆ 40 ವಾಟ್ ಶಾಖ. ಮೊದಲು ಮನೆಗಳಲ್ಲಿ ಉರಿಯುತ್ತಿದ್ದ 40 ವಾಟಿನ ಹಳದಿ ಬಲ್ಬನ್ನು ಕೈಯಲ್ಲಿ ಹಿಡಿಯಲಾಗುತ್ತಿತ್ತಾ? ಆ ಶಾಖವಷ್ಟೇ ಆದರೆ ಉದ್ದಕ್ಕೂ ಹರಡಿ ವೈರು ಬರೀ ಬಿಸಿಯಾಗಿ ಸುಮ್ಮನಿದ್ದೀತು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಎಲ್ಲಿ ತಿರುಚಿ ಟೇಪು ಸುತ್ತಿದ್ದೀಯೋ, ಎಲ್ಲಿ ಸ್ವಿಚ್ಚಿನ ತಗಡು ಸಡಿಲವೋ ಅಲ್ಲಿ ಇನ್ನಷ್ಟು ಶಾಖ ಒಂದೇ ಕಡೆ ಗುಂಪುಗೂಡುತ್ತದೆ. ನನ್ನ ಡ್ರಾಯರಿನ ಸ್ವಿಚ್ಚು ಕರಗಿದ್ದು ಹೀಗೆಯೇ. ಜತೆಗೆ ಮೋಟಾರಿಗೆ ಎರಡು ವೋಲ್ಟ್ ಕಡಿಮೆ ಸಿಕ್ಕಿ ಅದು ಸೋಮಾರಿಯಾಗಿ ತಿರುಗುತ್ತದೆ, ನೀನು ಫ್ಯಾನು ಸರಿಯಿಲ್ಲ ಅನ್ನುತ್ತೀಯ.

ಆದ್ದರಿಂದ ದೊಡ್ಡ ಕರೆಂಟು ಗಿಡ್ಡ ದಾರಿಯಲ್ಲಿ, ದಪ್ಪ ವೈರಿನಲ್ಲಿ ಹೋಗಲಿ. ಡ್ಯಾಶ್‌ಬೋರ್ಡಿಗೆ ಬರುವುದು ಬರೀ ಸನ್ನೆ. ಆ ಸನ್ನೆಗೆ ದೊಡ್ಡ ಕರೆಂಟನ್ನು ಕೂಡಿಸುವುದು ರಿಲೇ. ಅದರ ಬೆನ್ನಿನ ಮೇಲೆ ನಂಬರು ಬರೆದಿರುತ್ತದೆ. 30ಕ್ಕೆ ಫ್ಯೂಸ್ ದಾಟಿ ಬಂದ ಪಾಸಿಟಿವ್, 87ರಿಂದ ಫ್ಯಾನಿಗೆ, 85 ಮತ್ತು 86 ಒಳಗಿನ ಕಾಯಿಲಿನ ಎರಡು ತುದಿ. ಕಾಯಿಲಿಗೆ ಬೇಕಾದದ್ದು ಕಾಲು ಆಂಪಿಯರಿಗಿಂತ ಕಡಿಮೆ, ಅದಕ್ಕೆ ತೆಳು ವೈರು ಸಾಕು. ಐದು ಕಾಲಿನ ರಿಲೇ ಸಿಕ್ಕಿದರೆ ನಡುವಿನ 87ಎ ಮುಟ್ಟಬೇಡ. ರಿಲೇ ಸುಮ್ಮನಿದ್ದಾಗ ಕರೆಂಟು ಇರುವುದೇ ಅಲ್ಲಿ. ಎಷ್ಟೋ ಹುಡುಗರು ಫ್ಯಾನಿನ ವೈರನ್ನು ಅದಕ್ಕೆ ಚುಚ್ಚಿ, ಫ್ಯಾನು ನಿಲ್ಲುತ್ತಲೇ ಇಲ್ಲ ಅಂತ ನನ್ನ ಹತ್ತಿರ ಬಂದಿದ್ದಾರೆ. ಒಂದೊಂದು ಫ್ಯಾನಿಗೆ ಒಂದೊಂದು ರಿಲೇ, ಒಂದೊಂದು ಫ್ಯೂಸ್. ಇದರಲ್ಲಿ ಉಳಿತಾಯ ಬೇಡ. ಒಂದು ಕೈಕೊಟ್ಟರೆ ಇನ್ನೊಂದರ ಮೇಲೆ ನಿಧಾನವಾಗಿ ಮನೆ ಸೇರಬಹುದು.

ವೈರು ಫ್ಯಾನಿಗೆ ಎರಡೂವರೆ ಚದರ ಮಿಲಿಮೀಟರ್. ಫ್ಯೂಸ್ 20 ಆಂಪಿಯರ್. 10 ಆಂಪಿಯರಿನ ಮೋಟಾರಿಗೆ 10ರ ಫ್ಯೂಸ್ ಹಾಕಿದರೆ ಚಾಲೂ ಆಗುವ ಕ್ಷಣದ ಎಳೆತಕ್ಕೇ ಹಾರಿಹೋಗುತ್ತದೆ. ಹಾರುತ್ತದೆ ಅಂತ 40ರದ್ದು ಹಾಕುವವರಿದ್ದಾರೆ, ಆಗ ಫ್ಯೂಸಿನ ಬದಲು ವೈರು ಉರಿಯುತ್ತದೆ. ಫ್ಯೂಸು ಇರುವುದು ಫ್ಯಾನನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಅದಕ್ಕೇ ಅದು ಕರೆಂಟು ಹೊರಡುವ ಜಾಗದಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಯಿಂದ ಮೂರು ಅಡಿ ದೂರ ಫ್ಯೂಸ್ ಇಟ್ಟರೆ ಆ ಮೂರು ಅಡಿ ವೈರಿಗೆ ದಿಕ್ಕಿಲ್ಲ.

ಪಾಸಿಟಿವ್ ಎಲ್ಲಿಂದ ತೆಗೆಯುವುದು? ಬ್ಯಾಟರಿ ತಲೆಯಿಂದ ಅನ್ನುತ್ತೀಯ. ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇಲ್ಲದಿದ್ದರೆ ಸರಿ. ಇದರಲ್ಲಿ ಇದೆ, ನಡುವೆ ಸೊನ್ನೆ, ಎರಡೂ ಕಡೆ ಮುಳ್ಳು ಹೋಗುವಂಥದ್ದು. ಹಳೇ ಜೀಪಿನಲ್ಲಿ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಕರೆಂಟೆಲ್ಲ ಈ ಮೀಟರಿನ ಹೊಟ್ಟೆಯೊಳಗಿಂದಲೇ ಹಾಯುತ್ತದೆ. ಫ್ಯಾನನ್ನು ಬ್ಯಾಟರಿಗೆ ಕೊಟ್ಟರೆ ಅದರ 20 ಆಂಪಿಯರೂ ಮೀಟರ್ ದಾಟಿ ಬರಬೇಕು. ಮುಳ್ಳು ಸದಾ ಚಾರ್ಜ್ ಕಡೆ ನಿಂತಿರುತ್ತದೆ, ನೀನು ಬ್ಯಾಟರಿ ತುಂಬುತ್ತಿದೆ ಅಂದುಕೊಳ್ಳುತ್ತೀಯ, ಹಿಂದೆ ಆ ಹಳೇ ವೈರು ಕಾಯುತ್ತಿರುತ್ತದೆ. ಅದಕ್ಕೆ ಇಂಥ ಜೀಪಿನಲ್ಲಿ ಆಲ್ಟರ್ನೇಟರಿನ ದಪ್ಪ ಬೋಲ್ಟಿನಿಂದಲೇ ತೆಗೆ, ಫ್ಯೂಸ್ ಅಲ್ಲೇ ಪಕ್ಕದಲ್ಲಿ. ಆಗ ಮೀಟರ್ ನಿಜ ಹೇಳುತ್ತದೆ.

ಆಲ್ಟರ್ನೇಟರ್ ಎಷ್ಟು ಕೊಡುತ್ತದೆ ಅಂತ ಅದರ ಚೀಟಿ ಒರೆಸಿ ಓದು. ಹೆಡ್‌ಲೈಟ್ ಎರಡಕ್ಕೆ 10 ಆಂಪಿಯರ್, ವೈಪರಿಗೆ ನಾಲ್ಕೈದು, ಫ್ಯಾನಿಗೆ 20. ಮಳೆಯ ರಾತ್ರಿಯಲ್ಲಿ 35 ಆಯಿತು. ಚೀಟಿಯ ಮೇಲಿನ ಅಂಕಿ ಎಂಜಿನ್ ಜೋರಾಗಿ ತಿರುಗುವಾಗಿನದು. ಐಡ್ಲಿಂಗಿನಲ್ಲಿ ಅದರ ಅರ್ಧ ಸಿಕ್ಕಿದರೆ ಪುಣ್ಯ. ಇನ್ನೂ ಹಳೇ ಜೀಪುಗಳಲ್ಲಿ ಡೈನಮೋ ಇರುತ್ತಿತ್ತು, ಇಪ್ಪತ್ತು ಚಿಲ್ಲರೆ ಆಂಪಿಯರ್ ಕೊಡುವಂಥದ್ದು. ಅಂಥದ್ದಕ್ಕೆ ಎರಡು ಫ್ಯಾನು ಹಾಕಿಕೊಡಿ ಅಂತ ಬಂದರೆ ಆಗುವುದಿಲ್ಲ ಅಂತ ಹೇಳಿ ಕಳಿಸುತ್ತಿದ್ದೆ. ನಿನ್ನದಕ್ಕೂ ಲೆಕ್ಕ ಕೂಡದಿದ್ದರೆ ಮೊದಲು ದೊಡ್ಡ ಆಲ್ಟರ್ನೇಟರ್ ಹಾಕಿಸು, ಆಮೇಲೆ ಫ್ಯಾನು. ಮುಂದೆ ಬಂಪರಿಗೆ ನಾಲ್ಕು ಫಾಗ್‌ಲೈಟ್ ಹಾಕುವ ಆಸೆಯೂ ಇರಬಹುದು, ಅದನ್ನೂ ಈಗಲೇ ಕೂಡಿಸಿಕೋ.

ಅರ್ತ್ ಬಗ್ಗೆ ಯಾರೂ ಹೇಳುವುದಿಲ್ಲ, ಹೇಳಿದರೂ ಕೇಳುವುದಿಲ್ಲ. ನಲವತ್ತು ವರ್ಷದಲ್ಲಿ ನಾನು ಬಿಡಿಸಿದ ಫ್ಯಾನಿನ ದೂರುಗಳಲ್ಲಿ ಅರ್ಧಕ್ಕರ್ಧ ಅರ್ತಿನವೇ. ಹೋದ ಕರೆಂಟು ವಾಪಸ್ ಬರಬೇಕಲ್ಲ. ರೇಡಿಯೇಟರ್ ರಬ್ಬರಿನ ಮೇಲೆ ಕೂತಿದೆ, ಬಾಡಿ ರಬ್ಬರಿನ ಮೇಲೆ ಕೂತಿದೆ, ಮೇಲೆ ನಾಲ್ಕು ಪದರ ಪೇಂಟು, ಅಡಿಯಲ್ಲಿ ತುಕ್ಕು. ಅಲ್ಲೇ ಯಾವುದೋ ಸ್ಕ್ರೂಗೆ ಕಪ್ಪು ವೈರು ಸಿಕ್ಕಿಸಿದರೆ ಬೇಸಿಗೆಯಲ್ಲಿ ಓಡುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ನಿಲ್ಲುತ್ತದೆ. ಕೆಂಪು ವೈರು ಎಷ್ಟು ದಪ್ಪವೋ ಕಪ್ಪೂ ಅಷ್ಟೇ ದಪ್ಪ ಇರಲಿ, ನೇರವಾಗಿ ಎಂಜಿನ್ ಬ್ಲಾಕಿಗೆ ಹೋಗಲಿ. ಉಪ್ಪುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜು, ಲಗ್ಗು ಹಾಕಿ ಬೋಲ್ಟು ಬಿಗಿ, ಮೇಲೆ ಗ್ರೀಸು ಬಳಿ. ಎಂಜಿನ್ನಿನಿಂದ ಬ್ಯಾಟರಿಗೆ ಹೋಗುವ ಹೆಣೆದ ಪಟ್ಟಿಯನ್ನೂ ಇದೇ ನೆವದಲ್ಲಿ ಬದಲಿಸು. ಫ್ಯಾನು ತಿರುಗುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಫ್ಯಾನಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವಿಗೆ ಹಿಡಿ. ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲ್ಲೋ ತೊಂದರೆ ಇದೆ, ಹುಡುಕು.

ವೈರಿಗೆ ವೈರು ಸೇರಿಸುವ ಜಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಸೇರಿಸಲೇಬೇಕಾದರೆ ಸರಿಯಾದ ಇಕ್ಕುಳದಲ್ಲಿ ಲಗ್ಗು ಒತ್ತಿ, ಅಂಟು ಇರುವ ಸ್ಲೀವು ಹಾಕಿ ಕಾಯಿಸು. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಬೇಡ. ತಗಡಿನ ತೂತಿನಿಂದ ವೈರು ಹಾಯುವಲ್ಲೆಲ್ಲ ರಬ್ಬರಿನ ಉಂಗುರ ಇರಲಿ. ಇಡೀ ಕಟ್ಟನ್ನು ಕೊಳವೆಯೊಳಗೆ ಹಾಕಿ ಸೈಲೆನ್ಸರಿನಿಂದ ದೂರ ಒಯ್ಯಿ. ಇಲಿಗಳನ್ನು ಮರೆಯಬೇಡ, ಕಣದ ಪಕ್ಕದ ಶೆಡ್ಡಿನಲ್ಲಿ ಜೀಪು ನಿಲ್ಲಿಸುವ ನಮಗೆ ಆನೆಗಿಂತ ಅವುಗಳ ಕಾಟ ಹೆಚ್ಚು. ರಿಲೇಗಳನ್ನು ಕಾಲು ಕೆಳಗಾಗುವಂತೆ, ಎಂಜಿನ್ನಿನ ಹಿಂದಿನ ತಗಡು ಗೋಡೆಯ ಮೇಲ್ಭಾಗದಲ್ಲಿ ಕೂರಿಸು. ಕಾಲು ಮೇಲಾದರೆ ಮಳೆ ನೀರಿಗೆ ಅದೊಂದು ಬಟ್ಟಲು.

ಫ್ಯಾನಿಗೆ ಹೊತ್ತು ತಿಳಿಸುವುದು ಥರ್ಮೋ ಸ್ವಿಚ್ಚು. ನಿನ್ನ ವಾಲ್ವು 82 ಡಿಗ್ರಿಗೆ ತೆರೆಯುವಂಥದ್ದಾದರೆ ಮೇಲಿನ ಹೋಸಿನ ಕಡೆ 95ರ ಹತ್ತಿರ ಚಾಲೂ ಆಗಿ 88ರ ಸುಮಾರಿಗೆ ನಿಲ್ಲುವುದನ್ನು ತೆಗೆದುಕೋ. ವಾಲ್ವಿಗಿಂತ ಕಡಿಮೆ ಡಿಗ್ರಿಯದು ಹಾಕಿದರೆ ಫ್ಯಾನು ನಿಲ್ಲುವುದೇ ಇಲ್ಲ. ರೇಡಿಯೇಟರಿನ ಕೆಳಗಿನ ಟ್ಯಾಂಕಿಗೆ ಬೆಸುಗೆ ಹಾಕಿಸುವುದಾದರೆ ಅಲ್ಲಿ ತಣಿದ ನೀರು ಬರುತ್ತದೆ, ಹತ್ತು ಡಿಗ್ರಿ ಕಡಿಮೆಯದು ಬೇಕು. ಹೋಸನ್ನು ಕತ್ತರಿಸಿ ನಡುವೆ ಅಲ್ಯೂಮಿನಿಯಂ ತುಂಡು ಸೇರಿಸಿ ಸ್ವಿಚ್ಚು ಕೂರಿಸುವುದು ಸುಲಭ. ಆದರೆ ಆ ತುಂಡಿನ ಎರಡು ಕಡೆಯೂ ರಬ್ಬರು, ಅದಕ್ಕೆ ಅರ್ತೇ ಇಲ್ಲ. ಒಂದೇ ಕಾಲಿನ ಸ್ವಿಚ್ಚಾದರೆ ತುಂಡಿಗೇ ಒಂದು ಅರ್ತ್ ವೈರು ಕೊಡಬೇಕು. ಈ ಒಂದು ವೈರಿಗಾಗಿ ದಿನವಿಡೀ ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ. ಇನ್ನೊಂದು ನೆನಪಿರಲಿ. ಈ ಸ್ವಿಚ್ಚು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಹೋಸು ಒಡೆದು ನೀರು ಸೋರಿಹೋದರೆ ಎಂಜಿನ್ ಕಾದು ಕೆಂಡವಾದರೂ ಫ್ಯಾನು ಏಳದೇ ಇರಬಹುದು. ಟೆಂಪರೇಚರ್ ಮೀಟರಿನ ಮೇಲೆ ಕಣ್ಣು ಇಡುವ ಅಭ್ಯಾಸ ಬಿಡಬೇಡ.

ಕಾಯಿಲಿನ ಪಾಸಿಟಿವ್ ಕೀಯಿಂದ ಬರಲಿ. ಕೀ ತೆಗೆದ ಮೇಲೂ ಫ್ಯಾನು ತಿರುಗುತ್ತಿದ್ದರೆ ಒಳ್ಳೆಯದು ಅನ್ನುವವರಿದ್ದಾರೆ. ತೋಟದ ನಡುವೆ ಬ್ಯಾಟರಿ ಇಳಿದರೆ ತಳ್ಳಲು ಯಾರಿದ್ದಾರೆ? ಅಲ್ಲದೆ ಬಾನೆಟ್ ತೆರೆದು ಕೈ ಹಾಕಿದಾಗ ಫ್ಯಾನು ತಾನಾಗಿ ಎದ್ದರೆ ಬೆರಳೇ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮೂರು ಸ್ಥಾನದ ಸ್ವಿಚ್ಚು ಹಾಕು: ಒಂದು ಕಡೆ ತಾನಾಗಿ, ಇನ್ನೊಂದು ಕಡೆ ಸದಾ ಚಾಲೂ, ನಡುವೆ ಬಂದ್. ಥರ್ಮೋ ಸ್ವಿಚ್ಚು ಕೈಕೊಟ್ಟರೆ ಸದಾ ಚಾಲೂ ನಿನ್ನನ್ನು ಮನೆಗೆ ತಲುಪಿಸುತ್ತದೆ. ಬಂದ್ ಇರುವುದು ನೀರು ದಾಟಲಿಕ್ಕೆ ಮಾತ್ರ. ಬಂದ್ ಮಾಡಿ ನೀರು ದಾಟಿದವರು ಆಚೆ ದಡದಲ್ಲಿ ಸಂತೋಷದಲ್ಲಿ ಕೇಕೆ ಹಾಕುತ್ತ ಸ್ವಿಚ್ಚನ್ನು ಮರೆಯುತ್ತಾರೆ. ಹಾಗೆ ಮರೆತು ಹೆಡ್ಡು ಸೊಟ್ಟಗಾದ ಎಂಜಿನ್ ಒಂದು ಇಲ್ಲೇ ಈ ನೆಲದ ಮೇಲೆ ಬಿಚ್ಚಿಕೊಂಡು ಮಲಗಿತ್ತು. ಅದಕ್ಕೆ ಬಂದ್‌ನಲ್ಲಿದ್ದಾಗ ಕಣ್ಣಿಗೆ ರಾಚುವ ಹಾಗೆ ಒಂದು ಕೆಂಪು ದೀಪ ಉರಿಯಲಿ. ಫ್ಯಾನು ತಿರುಗುವಾಗ ಒಂದು ಹಸಿರು ದೀಪ, ಅದನ್ನು ರಿಲೇಯ 87ರಿಂದಲೇ ತೆಗೆ. ಬೆಲ್ಟಿನ ಕಿರ್ ಸದ್ದಿಗೆ ಬದಲು ನಿನಗೆ ಉಳಿಯುವುದು ಈ ದೀಪಗಳೇ.

ಎಲ್ಲ ಮುಗಿದ ಮೇಲೆ ತಕ್ಷಣ ಕೆಸರಿಗೆ ಓಡಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಲ್ಲೇ ಅರ್ಧ ಗಂಟೆ ಓಡಲಿ, ಫ್ಯಾನು ಎದ್ದು, ತಣಿಸಿ, ತಾನೇ ನಿಲ್ಲುವುದನ್ನು ಮೂರು ಸಲ ನೋಡು. ಆ ಅರ್ಧ ಗಂಟೆಯೂ ವೈರು, ಫ್ಯೂಸಿನ ಗೂಡು, ರಿಲೇ ಎಲ್ಲವನ್ನೂ ಬೆರಳಿನಲ್ಲಿ ಮುಟ್ಟುತ್ತ ಇರು. ಬೆಚ್ಚಗಿದ್ದರೆ ಸರಿ, ಬೆರಳು ಹಿಂದಕ್ಕೆ ಎಳೆಯುವ ಹಾಗಿದ್ದರೆ ಬಿಚ್ಚು. ಆಮೇಲೆ ಮೂಟೆ ಹೇರಿಕೊಂಡು ನಿಮ್ಮ ತೋಟದ ದೊಡ್ಡ ಏರನ್ನು ಲೋ ಗೇರಿನಲ್ಲಿ ಹತ್ತು. ಮುಳ್ಳು ಎಲ್ಲಿ ನಿಲ್ಲುತ್ತದೆ ಗುರುತು ಹಾಕಿಕೋ. ಮುಂದೆ ಎಂದಾದರೂ ಅದೇ ಏರಿನಲ್ಲಿ ಆ ಗುರುತು ದಾಟಿದರೆ ಅವತ್ತೇ ಬಾನೆಟ್ ಎತ್ತು.

ಹಬೆ ನಿಂತಿತು ನೋಡು. ದಪ್ಪ ಬಟ್ಟೆ ತಗೋ, ಮುಚ್ಚಳವನ್ನು ಮೊದಲ ಹಲ್ಲಿನ ತನಕ ಮಾತ್ರ ತಿರುಗಿಸಿ ನಿಲ್ಲಿಸು, ಉಸಿರು ಬಿಡಲಿ.

ಆ ಟೂಲ್ ಬಾಕ್ಸಿನ ಮುಚ್ಚಳದ ಒಳಮೈ ನೋಡಿದ್ದೀಯಾ? ನಿನ್ನ ತಾತ ಬ್ಯಾಟರಿ ಹಾಕಿದ ತಾರೀಖು, ಬೆಲ್ಟಿನ ನಂಬರು, ಬೇರಿಂಗಿನ ಅಳತೆ ಎಲ್ಲ ಬಿಳಿ ಪೇಂಟಿನಲ್ಲಿ ಬರೆದಿದ್ದಾರೆ. ಕನ್ನಡದಲ್ಲೇ ಬರೆದಿದ್ದಾರೆ, ಡ್ರೈವರಿಗೆ ಓದಲು ಬರಲಿ ಅಂತ. ಅವರು ಇಲ್ಲದ ದಿನವೂ ಎಷ್ಟೋ ಸಲ ಬೇರೆ ಯಾರೋ ಓಡಿಸಿಕೊಂಡು ಬಂದು, ಆ ಬರಹ ತೋರಿಸಿ ಸಾಮಾನು ತಗೊಂಡು ಹೋಗಿದ್ದಾರೆ. ಅದರ ಕೆಳಗೆ ಇನ್ನೂ ಒಂದು ಗೇಣು ಜಾಗ ಇದೆ. ಪೇಂಟು ಆ ಕಪಾಟಿನಲ್ಲಿದೆ, ಸಣ್ಣ ಬ್ರಷ್ಷೂ ಅಲ್ಲೇ ಇದೆ. ಕೆಲಸ ಮುಗಿದ ದಿನ ಯಾವ ರಿಲೇ ಯಾವ ಫ್ಯಾನಿಗೆ, ಫ್ಯೂಸ್ ಎಷ್ಟರದ್ದು, ಅರ್ತ್ ಬೋಲ್ಟು ಎಲ್ಲಿದೆ, ಹಳೇ ರೆಕ್ಕೆ ಯಾವ ಸೀಟಿನ ಕೆಳಗಿದೆ ಅಂತ ಅಲ್ಲಿ ಬರೆ.